ಇಪ್ಪತ್ತು ತುಂಬುವ ಗಾಡಿ

ನಮ್ಮ ಅಂಗಳದ ಮಾವಿನ ಮರದಡಿಯಲ್ಲಿ ನಿಂತಿರುವ ಟಾಟಾ ಇಂಡಿಗೊ ಮರೀನಾ ಗಾಡಿಗೆ ಬರುವ ಜೂನ್ ತಿಂಗಳಲ್ಲಿ ಇಪ್ಪತ್ತು ವರ್ಷ ತುಂಬುತ್ತದೆ. ಮೋಟಾರು ವಾಹನ ಕಾಯಿದೆಯ 41ನೆಯ ಕಲಮಿನ ಪ್ರಕಾರ ಖಾಸಗಿ ವಾಹನವೊಂದರ ನೋಂದಣಿಗೆ 15 ವರ್ಷದ ಆಯುಸ್ಸು. ಆ ಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಗಳಂತೆ ನವೀಕರಿಸುತ್ತ ಹೋಗಬೇಕು. 2021ರಲ್ಲಿ ಒಮ್ಮೆ ನವೀಕರಿಸಿಯಾಗಿದೆ. ಈಗ ಎರಡನೆಯ ಸರದಿ. ದುರಸ್ತಿ ಮಾಡಿ ಇನ್ನೈದು ವರ್ಷ ಓಡಿಸುವುದೋ, ಬಿಟ್ಟು ಬೇರೆ ಕೊಳ್ಳುವುದೋ ಎಂಬ ಪ್ರಶ್ನೆ ಜನವರಿಯಿಂದಲೂ ನಮ್ಮ ಮನೆಯ ಊಟದ ಹೊತ್ತಿನ ವ್ಯಾಜ್ಯವಾಗಿ ನಡೆದಿದೆ. ವಾದಿಯೂ ನಾನೇ, ಪ್ರತಿವಾದಿಯೂ ನಾನೇ. ತೀರ್ಪು ಕೊಡಬೇಕಾದವಳು ಮಾತ್ರ ನನ್ನ ಹೆಂಡತಿ.

ಮರೀನಾ ಎಂದರೆ ಇಂದಿನ ಮಕ್ಕಳಿಗೆ ತಿಳಿಯದು. ಇಂಡಿಗೊ ಕಾರಿನ ಬೆನ್ನನ್ನು ಹಿಂದಕ್ಕೆ ಎಳೆದು, ಡಿಕ್ಕಿಯನ್ನೂ ಮಾಡಿನ ಒಳಗೇ ಸೇರಿಸಿ 2004ರಲ್ಲಿ ಮಾರುಕಟ್ಟೆಗೆ ಬಿಟ್ಟ ಸ್ಟೇಷನ್ ವ್ಯಾಗನ್ ಅದು. ಅದಕ್ಕೂ ಹನ್ನೆರಡು ವರ್ಷ ಮೊದಲು ಟಾಟಾದವರದೇ ಎಸ್ಟೇಟ್ ಬಂದಿತ್ತು. ಮಾರುತಿಯವರ ಬಲೆನೊ ಆಲ್ಟುರಾ ಬಂದಿತ್ತು. ಯಾವುದೂ ನಮ್ಮ ದೇಶದಲ್ಲಿ ಬೇರೂರಲಿಲ್ಲ. ಇಂಥ ಗಾಡಿಯನ್ನು ಕಂಡರೆ ನಮ್ಮವರಿಗೆ ಆಂಬುಲೆನ್ಸಿನ ನೆನಪಾಗುತ್ತದೆ ಎಂಬುದು ನನ್ನ ಊಹೆ. ಹಳ್ಳಿಯ ಹಿರಿಯರೊಬ್ಬರು ಅದನ್ನು ಮೊದಲ ಸಲ ನೋಡಿದಾಗ, "ಯಾರಿಗೆ ಸೌಖ್ಯವಿಲ್ಲ?" ಎಂದು ಕೇಳಿಯೇಬಿಟ್ಟಿದ್ದರು.

ಕೊಂಡವರು ನನ್ನ ತಂದೆ. ಬದಿಯಡ್ಕದಿಂದ ಒಳಗಿನ ನಮ್ಮೂರಿನ ಅನುದಾನಿತ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಬಳಿಕ ಬಂದ ಹಣದಲ್ಲಿ ಅವರು ಮಾಡಿದ ಏಕೈಕ ದೊಡ್ಡ ಖರ್ಚು ಅದು. ಆಯ್ಕೆಗೆ ಅವರು ಕೊಟ್ಟ ಕಾರಣ ಸರಳವಾಗಿತ್ತು: ಹಿಂದಿನ ಸೀಟು ಮಡಚಿದರೆ ಅಡಿಕೆಯ ಚೀಲಗಳು ಹಿಡಿಯುತ್ತವೆ, ಬಿಡಿಸಿದರೆ ಮನುಷ್ಯರು ಹಿಡಿಯುತ್ತಾರೆ. ಆಗ ನಾನು ಕಾನೂನು ಪದವಿ ಮುಗಿಸಿ ಕಾಸರಗೋಡಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕಡತ ಹೊರುತ್ತಿದ್ದ ಕಾಲ. ಮಾರುತಿ ಸ್ವಿಫ್ಟ್ ಕೊಳ್ಳೋಣವೆಂದು ಹಟ ಹಿಡಿದಿದ್ದೆ. ಕಕ್ಷಿದಾರನಿಲ್ಲದ ವಕೀಲನ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಸಿಕ್ಕಿತು.

ಅವರ ಲೆಕ್ಕ ತಪ್ಪಿರಲಿಲ್ಲ. ಅಡಿಕೆ ಹೊತ್ತಿತು, ತಂಗಿಯ ಮದುವೆಯ ಪಾತ್ರೆಗಳನ್ನು ಹೊತ್ತಿತು, ಮಳೆಗಾಲದಲ್ಲಿ ಬಯಲಾಟದ ಮೇಳದವರ ಒದ್ದೆಯಾಗಬಾರದ ಪೆಟ್ಟಿಗೆಗಳನ್ನೂ ಒಮ್ಮೆ ಹೊತ್ತಿತು. ತಂದೆಯವರ ಮೂತ್ರಪಿಂಡ ಸೋತು ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕಾದಾಗ ಅವರನ್ನು ಮಂಗಳೂರಿಗೆ ಒಯ್ಯುವ ವಾಹನವಾಯಿತು. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿತಲ್ಲ, ಆ ವಾರಗಳನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಪ್ರತಿಯೊಬ್ಬನಿಗೂ ಅದರದೊಂದು ಕತೆಯಿದೆ. ಉತ್ತರಕ್ಕೆ ಐವತ್ತು ಕಿಲೋಮೀಟರಿನ ಆಸ್ಪತ್ರೆ ನಿಷಿದ್ಧವಾದಾಗ ನಾವು ದಕ್ಷಿಣಕ್ಕೆ, ಪರಿಯಾರದ ಕಡೆಗೆ ಹೊರಟೆವು. ಸೀಟು ಮಡಚಿ, ಅಡಿಕೆ ಚೀಲ ಇಡುತ್ತಿದ್ದ ಜಾಗದಲ್ಲಿ ಹಾಸಿಗೆ ಬಿಡಿಸಿ, ತಲೆಯ ಬಳಿ ತಾಯಿಯನ್ನು ಕೂರಿಸಿ. ಹಳ್ಳಿಯ ಹಿರಿಯರು ಅಂದು ಕೇಳಿದ ಪ್ರಶ್ನೆ ಆ ದಾರಿಯಲ್ಲಿ ನನಗೆ ನೆನಪಾಯಿತು. ತಂದೆ ಆ ಬೇಸಗೆಯನ್ನು ದಾಟಿದರು. ಮರುವರ್ಷದ ಮಳೆಗಾಲವನ್ನು ದಾಟಲಿಲ್ಲ.

ಆದ್ದರಿಂದ ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆಯನ್ನು ನಾನು ತಣ್ಣಗಿನ ಮನಸ್ಸಿನಿಂದ ಎತ್ತಿಕೊಂಡೆ ಎಂದರೆ ಸುಳ್ಳಾಗುತ್ತದೆ. ಆದರೂ ಲೆಕ್ಕ ಲೆಕ್ಕವೇ. ಫೆಬ್ರವರಿಯಲ್ಲಿ ಗಾಡಿಯನ್ನು ಎಂದಿನ ಮೆಕ್ಯಾನಿಕನಲ್ಲಿಗೆ ಒಯ್ದೆ. ಆತ ಬ್ಯಾರಿ, ನನ್ನೊಡನೆ ತುಳುವಿನಲ್ಲಿ, ತನ್ನ ಹುಡುಗರೊಡನೆ ಮಲೆಯಾಳದಲ್ಲಿ, ಇಂಜಿನಿನೊಡನೆ ತನ್ನದೇ ಬ್ಯಾರಿ ಭಾಷೆಯಲ್ಲಿ ಮಾತನಾಡುವವನು. ಕ್ಲಚ್ಚು, ಮುಂದಿನ ಆರ್ಮುಗಳ ಬುಷ್, ರೇಡಿಯೇಟರ್, ಟೈಮಿಂಗ್ ಬೆಲ್ಟ್, ನಾಲ್ಕು ಟಯರು ಎಂದು ಬರೆಯುತ್ತ ಹೋಗಿ 62 ಸಾವಿರಕ್ಕೆ ಪೆನ್ನು ನಿಲ್ಲಿಸಿದ. 1405 ಸಿಸಿಯ ಆ ಡೀಸೆಲ್ ಇಂಜಿನಿಗೆ ಅವನಲ್ಲಿ ಬಹಳ ಗೌರವ. ಇಂಡಿಕಾ ಟ್ಯಾಕ್ಸಿಗಳಲ್ಲಿಯೂ ಅದೇ ಇದ್ದುದರಿಂದ ಅದರ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಸಿಗದಿರುವುದು ಮರೀನಾಕ್ಕೆ ಮಾತ್ರ ಸೇರಿದ ಅಂಗಗಳು: ಹಿಂದಿನ ಬಾಗಿಲು, ಅದರ ಗಾಜು, ಹಿಂದಿನ ದೀಪಗಳ ಹೊದಿಕೆ. ಇವು ಒಡೆದರೆ ಗುಜರಿಯಲ್ಲಿ ಇನ್ನೊಂದು ಮರೀನಾ ಸಾಯುವವರೆಗೆ ಕಾಯಬೇಕು.

ಅರುವತ್ತೆರಡು ಸಾವಿರ, ಅದರ ಮೇಲೆ ನವೀಕರಣದ ಶುಲ್ಕ. ಈ ಶುಲ್ಕದ ವಿಷಯ ಹಲವರಿಗೆ ತಿಳಿದಿಲ್ಲ. ಹಿಂದೆ ಕಾರೊಂದಕ್ಕೆ 600 ರೂಪಾಯಿ ಇದ್ದುದನ್ನು 2022ರ ಎಪ್ರಿಲಿನಿಂದ 5,000ಕ್ಕೆ ಏರಿಸುವ ಅಧಿಸೂಚನೆ ಕೇಂದ್ರದಿಂದ ಬಂತು. 2025ರ ಆಗಸ್ಟಿನಲ್ಲಿ ಇನ್ನೊಂದು ಬಂದು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಎಂದಿತು. ಇದರ ಮೇಲೆ ಐದು ವರ್ಷದ ರಾಜ್ಯ ತೆರಿಗೆ ಮತ್ತು ಹಸಿರು ತೆರಿಗೆ. ಸರಕಾರದ ಇಂಗಿತ ಸ್ಪಷ್ಟವಾಗಿದೆ. ಮುದುಕ ಗಾಡಿಯನ್ನು ಸಾಕುವವನಿಗೆ ದಂಡವೆಂದು ಹೇಳದೆ ದಂಡ ಹಾಕುವುದು. ಹತ್ತು ವರ್ಷವಾದ ಡೀಸೆಲ್ ಗಾಡಿಯನ್ನು ಓಡಿಸಲೇಬಾರದಂತೆ ಎಂದು ಕೇಳುವವರು ನಮ್ಮ ಬಾರ್ ಎಸೋಸಿಯೇಶನ್ನಿನ ಒಳಗೂ ಇದ್ದಾರೆ. ಆ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. ಬದಿಯಡ್ಕಕ್ಕೆ ಅದು ಬಂದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹಣ ಕಟ್ಟಿದರೆ ನಮ್ಮಲ್ಲಿ ಗಾಡಿ ಓಡಬಹುದು.

ಒಟ್ಟು ಖರ್ಚು ಗಾಡಿಯ ಪೇಟೆ ಬೆಲೆಯನ್ನು ಮೀರಿತು. ಕೊಳ್ಳಲು ಬಂದ ದಲ್ಲಾಳಿ ಸುತ್ತಲೂ ಒಂದು ಪ್ರದಕ್ಷಿಣೆ ಬಂದು 45 ಸಾವಿರವೆಂದ. ದುರಸ್ತಿಯ ವೆಚ್ಚ ಬೆಲೆಗಿಂತ ಹೆಚ್ಚಾದರೆ ಬಿಟ್ಟುಬಿಡು ಎಂಬ ಲೋಕಾರೂಢಿಯ ಮಾತು ನನಗೆಂದೂ ಒಪ್ಪಿಗೆಯಾಗಿಲ್ಲ. ಗಾಡಿಯನ್ನು ಅದರ ಬೆಲೆಯೊಡನೆ ಹೋಲಿಸಬೇಕಾದವನು ಮಾರುವವನು. ಓಡಿಸುವವನು ಹೋಲಿಸಬೇಕಾದುದು, ಅದೇ ಕೆಲಸವನ್ನು ಮಾಡುವ ಇನ್ನೊಂದು ಗಾಡಿಗೆ ತಗಲುವ ಹಣದೊಡನೆ. ಹಾಗೆ ನೋಡಿದರೆ ಎಂಬತ್ತೋ ತೊಂಬತ್ತೋ ಸಾವಿರಕ್ಕೆ ಇನ್ನೈದು ವರ್ಷದ ಓಡಾಟ ಅಗ್ಗವೇ. ಆದರೆ ಈ ಗಾಡಿ ಮಾಡುತ್ತಿರುವ ಕೆಲಸ ಏನು ಎಂಬುದನ್ನು ಕೇಳಿಕೊಂಡಾಗ ಪ್ರಶ್ನೆ ಜಟಿಲವಾಯಿತು.

ಅದು ನನ್ನನ್ನು ವಿದ್ಯಾನಗರದ ಕೋರ್ಟಿಗೆ ಮುಟ್ಟಿಸುತ್ತದೆ, ನಿಜ. ಅದಕ್ಕೆ ಮೊದಲು, ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ, ನನ್ನ ಮಗಳನ್ನೂ ನಮ್ಮ ಓಣಿಯ ಇನ್ನು ನಾಲ್ಕು ಮಕ್ಕಳನ್ನೂ ತಂದೆಯವರು ಕಲಿಸುತ್ತಿದ್ದ ಅದೇ ಶಾಲೆಯ ಗೇಟಿಗೆ ಮುಟ್ಟಿಸುತ್ತದೆ. ದೂರ ಏಳು ಕಿಲೋಮೀಟರು. ಒಂದು ಬಸ್ಸಿತ್ತು, ಕೊರೋನಾದ ಅನಂತರ ಅದು ಬರಲಿಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆಯ ಹಳದಿ ವ್ಯಾನು ಮಾತ್ರ ನಮ್ಮ ಓಣಿಯ ತಲೆಯವರೆಗೂ ಬರುತ್ತದೆ, ಹಾರ್ನು ಹಾಕುತ್ತದೆ, ಹೋಗುತ್ತದೆ. ಇಬ್ಬರು ಕೂಲಿ ಕಾರ್ಮಿಕರ ಮಕ್ಕಳು, ಒಬ್ಬ ಅಂಗಡಿಯವರ ಮಗ, ಇನ್ನೊಬ್ಬಳ ತಂದೆ ಕೊಲ್ಲಿಯಲ್ಲಿದ್ದಾನೆ. ಯಾರಿಂದಲೂ ನಾನು ಹಣ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಅದು ಬಾಡಿಗೆಯ ಸಂಚಾರವಾಗಿ ಪರವಾನಿಗೆ ಬೇಕಾಗುತ್ತದೆ. ವಿಷು, ಓಣಂ ಹಬ್ಬಗಳಿಗೆ ಬಾಳೆಗೊನೆ ಬರುತ್ತದೆ. ಅದನ್ನು ಬಾಡಿಗೆಯೆನ್ನಲು ಯಾವ ನ್ಯಾಯಾಧಿಕರಣಕ್ಕೂ ಸಾಧ್ಯವಿಲ್ಲವೆಂದು ನಂಬಿದ್ದೇನೆ.

ಗಾಡಿ ಮಾರುವ ಮಾತು ಕಿವಿಗೆ ಬಿದ್ದ ದಿನವೇ ಅಂಗಡಿಯವರು ಬಂದರು. "ನೀವು ಸಣ್ಣ ಕಾರು ತೆಗೆದರೆ ಬೇಜಾರಿಲ್ಲ ಮಾರಾಯ್ರೆ. ಮೊದಲೇ ಹೇಳಿಬಿಡಿ. ವ್ಯಾನಿನ ಶಾಲೆಯಲ್ಲಿ ಎಪ್ರಿಲಿನ ಒಳಗೆ ಸೀಟು ಹಿಡಿಯಬೇಕು" ಎಂದರು. ಅದರಲ್ಲಿ ಬೆದರಿಕೆಯಿರಲಿಲ್ಲ. ಮಗನ ಕೈಯಲ್ಲಿ ಕನ್ನಡ ಪುಸ್ತಕ ನೋಡಿ ಸಂತೋಷಪಡುವ ಮನುಷ್ಯ ಅವರು. ಆದರೆ ಸಂತೋಷವೊಂದೇ ಮಗುವನ್ನು ಏಳು ಕಿಲೋಮೀಟರು ನಡೆಸುವುದಿಲ್ಲ.

ಮುಖ್ಯೋಪಾಧ್ಯಾಯಿನಿಯವರಿಗೆ ಫೋನು ಮಾಡಿದೆ. ಬರುವ ವರ್ಷಕ್ಕೆ ಒಂದರಿಂದ ಏಳರವರೆಗೆ 108 ಮಕ್ಕಳನ್ನು ನಿರೀಕ್ಷಿಸಿದ್ದಾರೆ. ಏಳು ತರಗತಿಗಳಿಂದ ಭಾಗಿಸಿದರೆ ಸರಾಸರಿ ಹದಿನೈದೂವರೆಗೆ ತುಸು ಕಡಿಮೆ. ಅಷ್ಟರಿಂದ ನಾಲ್ಕು ಮಕ್ಕಳನ್ನು ಕಳೆಯಿರಿ: 104, ಸರಾಸರಿ ಹದಿನೈದರ ಕೆಳಕ್ಕೆ ಇಳಿಯುತ್ತದೆ. ತರಗತಿಗೆ ಸರಾಸರಿ 15 ಮಕ್ಕಳಿಲ್ಲದ ಶಾಲೆಯನ್ನು ಕೇರಳದ ಕಡತಗಳು 'ಅನ್‌ಎಕನಾಮಿಕ್' ಎಂದು ಕರೆಯುತ್ತವೆ. ಶಾಲೆಯೇನೂ ಆ ದಿನವೇ ಮುಚ್ಚುವುದಿಲ್ಲ. ಆದರೆ ಅಂಥ ಅನುದಾನಿತ ಶಾಲೆಯಲ್ಲಿ ತೆರವಾದ ಹುದ್ದೆಗೆ ದಿನಗೂಲಿಯ ಅಧ್ಯಾಪಕರು ಬರುತ್ತಾರೆ. ಬಂದವರು ಸ್ಥಿರವಾದ ಕೆಲಸ ಸಿಕ್ಕೊಡನೆ ಹೋಗುತ್ತಾರೆ. ಅಧ್ಯಾಪಕರು ನಿಲ್ಲದ ಶಾಲೆಯಲ್ಲಿ ಮಕ್ಕಳೂ ನಿಲ್ಲುವುದಿಲ್ಲ. ಹುದ್ದೆಗಳನ್ನು ನಿರ್ಣಯಿಸುವ ತಲೆಯೆಣಿಕೆ ನಡೆಯುವುದು ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ. ನನ್ನ ಗಾಡಿಯ ನೋಂದಣಿ ಮುಗಿಯುವುದೂ ಅದೇ ತಿಂಗಳು.

ಇಲ್ಲಿ ಒಂದು ತಪ್ಪೊಪ್ಪಿಗೆ. ನನ್ನ ಹಿರಿಯ ಮಗ ಕಲಿತದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಆ ಹಳದಿ ವ್ಯಾನಿನಲ್ಲಿಯೇ ಹೋಗಿ. ಆಗ ತಂದೆ ಬದುಕಿದ್ದರು. ಒಂದು ಮಾತೂ ಆಡಲಿಲ್ಲ. ಅದೇ ವರ್ಷ ರಾಜ್ಯೋತ್ಸವದ ವೇದಿಕೆಯೊಂದರಲ್ಲಿ ನಾನು ಗಡಿನಾಡ ಕನ್ನಡದ ಉಳಿವಿನ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದ್ದೆ. ಅವರು ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದರು. ಮನೆಗೆ ಬರುವಾಗ ಇದೇ ಗಾಡಿಯಲ್ಲಿ, "ಮೈಕು ಒಳ್ಳೆಯದಿತ್ತು" ಎಂದರು. ಮಗಳನ್ನು ಕನ್ನಡ ಶಾಲೆಗೆ ಸೇರಿಸಿದ್ದರಲ್ಲಿ ಭಾಷಾಭಿಮಾನದ ಪಾಲು ಎಷ್ಟು, ಆ ಒಂದು ವಾಕ್ಯದ ಪಾಲು ಎಷ್ಟು ಎಂಬುದನ್ನು ನಾನು ಇನ್ನೂ ವಿಚಾರಣೆಗೆ ಎತ್ತಿಕೊಂಡಿಲ್ಲ.

ಎರಡನೆಯ ತಪ್ಪೊಪ್ಪಿಗೆ ಇದಕ್ಕಿಂತ ಗಂಭೀರವಾದುದು. ಮಕ್ಕಳನ್ನು ನೆರೆಯವರ ಕಾರಿನಲ್ಲಿ ಕಳುಹಿಸುವ ಎಲ್ಲ ತಾಯಂದಿರೂ ತಂದೆಯಂದಿರೂ ಗಮನಿಸಬೇಕಾದುದು. ಮರೀನಾದಲ್ಲಿ ಚಾಲಕನೂ ಸೇರಿ ಐವರಿಗೆ ಮಾತ್ರ ಸ್ಥಳ. ನಾವು ಆರು ಮಂದಿ. ಕಿರಿಯನೊಬ್ಬ ಪ್ರತಿದಿನ ಹಿಂಬದಿಯ ಡಿಕ್ಕಿಯಲ್ಲಿ, ಚೀಲಗಳ ನಡುವೆ, ರಾಜನಂತೆ ಕುಳಿತು ಬರುತ್ತಿದ್ದ. ಅವನಿಗೆ ಅದೇ ಬೇಕು, ಉಳಿದವರಿಗೆ ಅಸೂಯೆ. ಕಾನೂನು ಬಲ್ಲವನಾಗಿ ನಾನದನ್ನು ನಾಲ್ಕು ವರ್ಷ ನೋಡಿಯೂ ನೋಡದವನಂತಿದ್ದೆ. ಹೇಗೂ ಒಳದಾರಿ, ಹೇಗೂ ಮೂವತ್ತರ ವೇಗ.

ಇನ್ನು ವಿಮೆ. 2021ರಲ್ಲಿ ನವೀಕರಿಸುವಾಗ, ಹಳೆಯ ಗಾಡಿಗೆ ಪೂರ್ಣ ವಿಮೆ ಯಾಕೆಂದು ಬರಿಯ ಥರ್ಡ್ ಪಾರ್ಟಿ ಪಾಲಿಸಿಗೆ ಇಳಿದೆ. ಕಳೆದ ಸಲ ಕಟ್ಟಿದ ಕಂತು 3,416 ರೂಪಾಯಿ, ತೆರಿಗೆ ಬೇರೆ. ಈ ಪಾಲಿಸಿ ನನ್ನ ಗಾಡಿಯಿಂದ ದಾರಿಹೋಕನಿಗೆ ಆದ ಹಾನಿಯನ್ನು ಭರಿಸುತ್ತದೆ. ಖಾಸಗಿ ಕಾರಿನೊಳಗೆ ಉಚಿತವಾಗಿ ಕುಳಿತುಬಂದವರಿಗೆ ಆ ಪಾಲಿಸಿಯ ರಕ್ಷಣೆಯಿಲ್ಲ ಎಂಬುದು 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಪ್ಯಾಕೇಜ್ ಪಾಲಿಸಿಯಿದ್ದರೆ ಮಾತ್ರ ಒಳಗಿದ್ದವರೂ ಅದರೊಳಗೆ ಬರುತ್ತಾರೆ. ಈ ತೀರ್ಪನ್ನು ನಾನು ಅಪಘಾತ ಪರಿಹಾರದ ನ್ಯಾಯಾಧಿಕರಣದಲ್ಲಿ ಎಷ್ಟೋ ಸಲ ಎದುರಿಸಿದ್ದೇನೆ. ಕಾರಿನ ಒಳಗಿದ್ದ ಗಾಯಾಳುವಿನ ಪರವಾಗಿ ವಾದಿಸಿ, ಎದುರು ಕಕ್ಷಿ ಪಾಲಿಸಿಯ ಪ್ರತಿಯನ್ನು ಎತ್ತಿ ತೋರಿಸಿದೊಡನೆ ಕುಳಿತುಕೊಂಡಿದ್ದೇನೆ. ಮಾರ್ಚಿನ ಒಂದು ರಾತ್ರಿ ನವೀಕರಣಕ್ಕೆಂದು ನನ್ನದೇ ಗಾಡಿಯ ಕಾಗದಗಳನ್ನು ಹರಡಿಕೊಂಡು ಕುಳಿತಾಗ ಆ ಪಾಲಿಸಿ ಕೈಗೆ ಬಂತು. ನಾಲ್ಕು ಮನೆಗಳ ಮಕ್ಕಳನ್ನು ಐದು ವರ್ಷಗಳ ಕಾಲ ನಾನು ಯಾವ ಆಸರೆಯೂ ಇಲ್ಲದೆ ಹೊತ್ತು ತಿರುಗಿದ್ದೆ. ಏನಾದರೂ ಆಗಿದ್ದರೆ ಆ ಕೂಲಿಯವರು ಪರಿಹಾರಕ್ಕಾಗಿ ಬರಬೇಕಾದುದು ನನ್ನ ಅಡಿಕೆ ತೋಟದ ಮೇಲೆ. ಅವರ ಪರವಾಗಿ ವಕಾಲತ್ತು ಹಾಕಬೇಕಾದವನು, ಬೇರೆ ವಕೀಲರ ಪರಿಚಯವಿಲ್ಲದ ಅವರಿಗೆ, ಬಹುಶಃ ನಾನೇ.

ಮರುದಿನ ಮೆಕ್ಯಾನಿಕನಿಗೆ, ಗಾಡಿಯನ್ನು ಎತ್ತಿ ತಳ ನೋಡು ಎಂದೆ. ಮೊದಲ ಸಲ ಅವನು ತಳವನ್ನು ನೋಡಿರಲಿಲ್ಲ. ನಾನೂ ಹೇಳಿರಲಿಲ್ಲ, ಹೇಳದಿದ್ದುದಕ್ಕೆ ಕಾರಣ ನನಗೆ ಗೊತ್ತು. ನಮ್ಮ ಕರಾವಳಿಯ ಗಾಡಿಗಳು ಇಂಜಿನಿನಿಂದ ಸಾಯುವುದಿಲ್ಲ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಕೆಂಪು ಕೆಸರು ಸೇರಿ ಅವುಗಳನ್ನು ಕೆಳಗಿನಿಂದ ತಿನ್ನುತ್ತವೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ತಗಡು ಬಿಸ್ಕತ್ತಿನಂತೆ ಆಗಿರುತ್ತದೆ. ಆತ ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯನ್ನು ತಟ್ಟುತ್ತ ಹಿಂದಕ್ಕೆ ಬಂದ. ಮುಂದೆ ಟಣ್ ಎನ್ನುತ್ತಿದ್ದ ಸದ್ದು ಹಿಂದಿನ ಚಕ್ರದ ಬಳಿ ಬರುವಾಗ ದಡ್ ಎಂದಿತು. ಡಿಕ್ಕಿಯ ನೆಲದ ಕೆಳಗೆ, ಒಳಗಿನ ಕಾರ್ಪೆಟಿನ ಅಡಿಯಲ್ಲಿ, ಸ್ಕ್ರೂಡ್ರೈವರಿನ ತುದಿ ಒತ್ತದೆಯೇ ಒಳಗೆ ಹೋಯಿತು. ಆ ಕಿರಿಯ ಹುಡುಗ ಕಾಲು ಮಡಚಿ ಕೂರುವ ಜಾಗ ಅದು.

"ಇಂಜಿನ್ ಸತ್ತರೆ ನಾನು ಬದುಕಿಸುತ್ತೇನೆ" ಎಂದ ಆತ. "ಇದಕ್ಕೆ ತೇಪೆ ಹಾಕಬಹುದು, ಇನ್ಸ್ಪೆಕ್ಟರಿಗೆ ಕಾಣದ ಹಾಗೆ ಕಪ್ಪು ಬಳಿಯಬಹುದು. ನಿಮಗೆ ಮಾಡಿಕೊಡುವುದಿಲ್ಲ."

ನೂರಾರು ಸಾಕ್ಷಿಗಳ ಪಾಟೀಸವಾಲು ಮಾಡಿದ್ದೇನೆ. ಅಂಥ ಸಾಕ್ಷಿಯನ್ನು ಕಂಡದ್ದು ಕಡಿಮೆ.

ಹೀಗೆ ದುರಸ್ತಿಯ ಪಕ್ಷ ಬಿದ್ದಿತು. ಇನ್ನು ಯಾವುದನ್ನು ಕೊಳ್ಳುವುದು? ಹೆಂಡತಿಯ ವಾದ ಸರಿಯಾಗಿಯೇ ಇತ್ತು. ನಮಗೆ ಬೇಕಾದುದು ಸಣ್ಣ ಕಾರು. ಮಗ ಹಾಸ್ಟೆಲಿನಲ್ಲಿದ್ದಾನೆ, ಅಡಿಕೆ ಸಾಗಿಸಲು ಈಗ ಪಿಕಪ್ ಸಿಗುತ್ತದೆ, ಮಗಳು ಜೂನಿಗೆ ಏಳನೆಯ ತರಗತಿ. "ಇನ್ನು ಒಂದೇ ವರ್ಷ ಅವಳು ಆ ಶಾಲೆಯಲ್ಲಿ. ಆ ಮೇಲೆ ಯಾರ ಮಕ್ಕಳಿಗಾಗಿ ಏಳು ಸೀಟು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಾಲಕರೆಲ್ಲ ಸೇರಿ ಜೀಪೊಂದನ್ನು ತಿಂಗಳ ಬಾಡಿಗೆಗೆ ಗೊತ್ತುಮಾಡುವ ಯೋಚನೆಯೂ ಬಂತು. ಚಾಲಕ ಕೇಳಿದ ಮೊತ್ತ ಕೂಲಿಯವರ ಪಾಲಿಗೆ ಎಟುಕುವಂತಿರಲಿಲ್ಲ. ಎರಡು ವಾರ ನಾವು ಈ ವಿಷಯವನ್ನು ಎತ್ತಲಿಲ್ಲ. ಅನಂತರ ಒಂದು ಸಂಜೆ ಅವಳೇ ಮೊಬೈಲು ತೋರಿಸಿದಳು. ಪುತ್ತೂರಿನಲ್ಲಿ ಒಂಬತ್ತು ವರ್ಷದ, ಏಳು ಸೀಟಿನ ಗಾಡಿಯೊಂದು ಮಾರಾಟಕ್ಕಿತ್ತು. "ಸಣ್ಣ ಹೊಸ ಕಾರಿಗಿಂತ ಇದಕ್ಕೇ ಕಡಿಮೆ" ಎಂದಳು. ಅಷ್ಟೇ. ಮೆಕ್ಯಾನಿಕನನ್ನು ಕರೆದುಕೊಂಡು ಹೋದೆ. ಈ ಸಲ ಅವನು ಮೊದಲು ನೆಲದ ಮೇಲೆ ಅಂಗಾತ ಮಲಗಿ ತಳ ನೋಡಿ, ಆ ಮೇಲೆ ಬಾನೆಟ್ ತೆಗೆದ. ಗಡಿಯಾಚೆಯ ಗಾಡಿಯಾದುದರಿಂದ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಹೊಸ ನಂಬರು ಎಂದು ತಿರುಗಾಟ ಸಾಕಷ್ಟಾಯಿತು. ಪ್ಯಾಕೇಜ್ ಪಾಲಿಸಿ ಮಾಡಿಸಿ, ಹೆಸರು ನಮೂದಿಸದ ಪ್ರಯಾಣಿಕರಿಗೂ ವೈಯಕ್ತಿಕ ಅಪಘಾತದ ರಕ್ಷಣೆಯನ್ನು ಸೇರಿಸಿದ್ದೇನೆ. ಅದಕ್ಕೆ ತಗಲುವ ಹೆಚ್ಚಿನ ಮೊತ್ತ ಅಷ್ಟು ಸಣ್ಣದೆಂದು ತಿಳಿದಾಗ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಮರೀನಾವನ್ನು ಆ ದಲ್ಲಾಳಿಗೆ ಕೊಡಲಿಲ್ಲ. ನಮ್ಮ ಕಚೇರಿಗೆ ಬಂದ ಕಕ್ಷಿದಾರರೊಬ್ಬರ ಅನುಭವ ಕಣ್ಣ ಮುಂದಿತ್ತು. ಹಳೆಯ ಕಾರನ್ನು ದಲ್ಲಾಳಿಗೆ ಕೊಟ್ಟು, ಖಾಲಿ ಫಾರಮುಗಳಿಗೆ ಸಹಿ ಮಾಡಿ, ಹಣ ಎಣಿಸಿಕೊಂಡು ಮರೆತಿದ್ದರು. ಮೂರು ಕೈ ದಾಟಿದ ಆ ಕಾರು ಯಾರಿಗೋ ಬಡಿಯಿತು. ನೋಟೀಸು ಇವರ ಮನೆಗೆ ಬಂತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಅವನೇ ಹೊಣೆಗಾರ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹಳೆಯ ಸ್ಕೂಟರನ್ನು ನೆಂಟರಿಗೆ ಕೊಟ್ಟವರೂ ಒಮ್ಮೆ ದಾಖಲೆ ತೆಗೆದು ಹೆಸರು ನೋಡಿಕೊಳ್ಳುವುದು ಒಳ್ಳೆಯದು. ಅದಲ್ಲದೆ, ತಳ ತೂತಾದ ಗಾಡಿಗೆ ಕಪ್ಪು ಬಳಿದು ಇನ್ನೊಬ್ಬರ ಮಕ್ಕಳ ಕೆಳಗೆ ಇಡುವುದಕ್ಕೆ ಮನಸ್ಸೂ ಒಪ್ಪಲಿಲ್ಲ. ನೋಂದಾಯಿತ ಗುಜರಿ ಕೇಂದ್ರಕ್ಕೇ ಒಪ್ಪಿಸುವುದೆಂದು ನಿರ್ಧರಿಸಿ ಅರ್ಜಿ ಹಾಕಿದ್ದೇನೆ. ಅವರು ಕೊಡುವ ಹಣ ದಲ್ಲಾಳಿಯದಕ್ಕಿಂತ ಕಡಿಮೆ. ಗಾಡಿ ಒಪ್ಪಿಸಿದ್ದಕ್ಕೆ ಒಂದು ಪ್ರಮಾಣಪತ್ರ ಸಿಗುತ್ತದೆ, ನೋಂದಣಿ ರದ್ದಾಗುತ್ತದೆ. ಹೊಸ ವಾಹನ ಕೊಳ್ಳುವವರಿಗೆ ಆ ಪತ್ರದಿಂದ ತೆರಿಗೆಯಲ್ಲಿ ರಿಯಾಯಿತಿಯುಂಟು. ಹಳೆಯದನ್ನು ಕೊಂಡ ನನಗೆ ಅದರ ಲಾಭವಿಲ್ಲ.

ತಾಯಿಗೆ ಹೇಳುವ ಕೆಲಸವನ್ನು ಕೊನೆಯವರೆಗೂ ಮುಂದೂಡಿದ್ದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸ ಗಾಡಿಯಲ್ಲಿ ಹಿಂದಿನ ಸೀಟು ಮಡಚಲಿಕ್ಕೆ ಬರುತ್ತದೆಯಾ?" ಎಂದು ಕೇಳಿದರು. ಬರುತ್ತದೆ ಎಂದೆ.

ಅಂಗಡಿಯವರು ವ್ಯಾನಿನ ಶಾಲೆಯ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದಾರೆ. ಮುಂದಿನ ವರ್ಷ ಮಗಳು ಹೈಸ್ಕೂಲಿಗೆ ಹೋದ ಮೇಲೂ ಗಾಡಿ ಎಂಟೂಮುಕ್ಕಾಲಕ್ಕೆ ಇದೇ ದಾರಿ ಹಿಡಿಯುತ್ತದೆಯೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಿಲ್ಲ. ಕಿರಿಯವನಿಗೆ ಮಾತ್ರ ಬಹಳ ಅಸಮಾಧಾನ. ಹೊಸ ಗಾಡಿಯ ಕೊನೆಯ ಸಾಲಿನಲ್ಲಿ ಸೀಟೂ ಇದೆ, ಬೆಲ್ಟೂ ಇದೆ ಎಂದು ಕೇಳಿದಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ನಿನ್ನೆ ಸಂಜೆ ಮಾವಿನ ಮರದಡಿಗೆ ಹೋಗಿ, ಮರೀನಾದ ಹಿಂದಿನ ಬಾಗಿಲು ಎತ್ತಿ, ಡಿಕ್ಕಿಯಲ್ಲಿ ಕುಳಿತು ಇಡೀ ಒಂದು ಮಾವಿನಹಣ್ಣು ತಿಂದು, ಗೊರಟನ್ನು ಅಲ್ಲಿಯೇ ಬಿಟ್ಟು ಹೋದ.